ದಂಡಿನ ದನಗಳ ಅಜ್ಜಂಪುರ

ಯಾವ ಪಲ್ಟನ್ನಿನ ಚರಿತ್ರೆ ತೆಗೆದರೂ ಯಾವ ಕದನದಲ್ಲಿ ಯಾವ ಅಧಿಕಾರಿ ಮಡಿದ ಎಂಬ ಪಟ್ಟಿಯೊಂದು ಸಿಗುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದ ಹುಲ್ಲುಗಾವಲಲ್ಲಿ ಮೇಯ್ದು ಯುದ್ಧಕ್ಕೆ ಹೋದ ಪಡೆಗೆ ಅಂಥ ಪಟ್ಟಿ ಇಲ್ಲ, ಏಕೆಂದರೆ ಅದು ದನಗಳ ಪಡೆ. ಅಮೃತ ಮಹಲ್ ಎಂದರೆ ಈಗ ನಮಗೆ ಒಂದು ತಳಿಯ ಹೆಸರು. ಇನ್ನೂರು ವರ್ಷಗಳ ಹಿಂದೆ ಅದು ಸೈನ್ಯದ ಒಂದು ಇಲಾಖೆ.

ಅದರ ಮೂಲ ಶ್ರೀರಂಗಪಟ್ಟಣದಲ್ಲಿದೆ. ವಿಜಯನಗರದ ಪ್ರತಿನಿಧಿಗಳ ಕೈಯಲ್ಲಿದ್ದ ಹಳ್ಳಿಕಾರ್ ದನಗಳ ಹಿಂಡು ಮೈಸೂರು ಒಡೆಯರಿಗೆ ಬಂತು. ಚಿಕ್ಕದೇವರಾಜ ಒಡೆಯರು ಅದಕ್ಕೆ ಬೇರೆ ಬೇರೆ ಕಡೆ ಕಾವಲುಗಳನ್ನು, ಎಂದರೆ ಮೇವಿನ ಬಯಲುಗಳನ್ನು, ಬಿಡಿಸಿ 'ಬೆಣ್ಣೆ ಚಾವಡಿ' ಎಂಬ ಇಲಾಖೆ ಮಾಡಿದರು. ಹೆಸರೇ ಹೇಳುವಂತೆ ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಆಗಿನ ಕೆಲಸ. ಈ ದನಗಳ ಕಾಲಿನ ಬಲವನ್ನು ಲೆಕ್ಕಕ್ಕೆ ತೆಗೆದುಕೊಂಡವನು ಹೈದರಾಲಿ. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು, ಹಿಂಡುಗಳ ಪಾಲನೆಗೆ ಹುಕುಂನಾಮೆಯನ್ನೇ ಹೊರಡಿಸಿದ.

ಇವುಗಳ ಓಟದ ಲೆಕ್ಕ ಈಗ ಓದಿದರೂ ಬೆರಗಾಗುತ್ತದೆ. 1781ರಲ್ಲಿ ಚಿದಂಬರದ ನೆರವಿಗೆಂದು ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ಕ್ರಮಿಸಿತು. 1783ರಲ್ಲಿ ಬಿದನೂರು ಇಂಗ್ಲಿಷರ ಪಾಲಾದಾಗ ಟಿಪ್ಪು ಪೂರ್ವದಿಂದ ಪಶ್ಚಿಮಕ್ಕೆ ಒಂದೇ ತಿಂಗಳಲ್ಲಿ ದಂಡು ತಿರುಗಿಸಿದ. ಜನರಲ್ ಮೆಡೋಸ್‌ ಎದುರಿಗೆ ಎರಡು ದಿನದಲ್ಲಿ 63 ಮೈಲಿ ನಡೆದದ್ದೂ ಉಂಟು. ಸೈನಿಕ ಓಡಬಲ್ಲ, ಕುದುರೆ ಓಡಬಲ್ಲದು. ಫಿರಂಗಿ ಓಡಬೇಕಾದರೆ ಎತ್ತೇ ಆಗಬೇಕು. ಸೋತ ದಿನವೂ ಹೈದರನ ಫಿರಂಗಿಗಳು ಶತ್ರುವಿನ ಕಣ್ಣೆದುರೇ ಪಾರಾಗುತ್ತಿದ್ದದ್ದು ಈ ಎತ್ತುಗಳಿಂದ.

ಎತ್ತಿಲ್ಲದವರ ಗತಿ ಏನಾಯಿತೆಂಬುದಕ್ಕೆ 1791 ಸಾಕ್ಷಿ. ಆ ಮಾರ್ಚಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದಂಡಿನೊಂದಿಗೆ ಕಾರ್ನ್‌ವಾಲಿಸ್ ಬೆಂಗಳೂರಿಗೆ ಮುತ್ತಿಗೆ ಹಾಕಿದ. ಪೇಟೆಯ ಮೇಲಿನ ದಾಳಿಯಲ್ಲಿ ಮದ್ರಾಸ್ ಫಿರಂಗಿ ದಳದ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಸತ್ತ. ಕೋಟೆ ಬಿತ್ತು, ದಂಡು ಶ್ರೀರಂಗಪಟ್ಟಣಕ್ಕೆ ಹೊರಟಿತು. ಮೇ ತಿಂಗಳಲ್ಲಿ ಅರಕೆರೆಯ ಬಳಿ ಕಾಳಗ ಗೆದ್ದರೂ ರಾಜಧಾನಿಗೆ ಮುತ್ತಿಗೆ ಹಾಕಲಾಗಲಿಲ್ಲ. ಮೇವಿಲ್ಲದೆ, ರೋಗ ಬಡಿದು ಕಂಪನಿಯ ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು. ಭಾರೀ ಫಿರಂಗಿಗಳನ್ನು ಎಳೆದೊಯ್ಯುವವರಿಲ್ಲದೆ ತಾವೇ ಒಡೆದು ಹಾಕಿ ಹಿಂದಿರುಗಬೇಕಾಯಿತು. ಬೆಂಗಳೂರಿನ ಮುತ್ತಿಗೆಯಲ್ಲಿ ಸತ್ತ ಅಧಿಕಾರಿಗಳಿಗೆ ಊರ ನಡುವೆ ಸ್ಮಾರಕ ಕಂಬ ಎದ್ದಿತು; 1964ರಲ್ಲಿ ಅದನ್ನು ಕೆಡವಿದರು. ಆ ದಂಡಯಾತ್ರೆಯ ಹಣೆಬರಹ ಬರೆದ ಎತ್ತುಗಳಿಗೆ ಕೆಡವಲೂ ಒಂದು ಕಲ್ಲಿರಲಿಲ್ಲ.

ಪಾಠ ಕಲಿತ ಕಂಪನಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈ ಹಿಂಡುಗಳನ್ನು ಮರೆಯಲಿಲ್ಲ. ಮರುವರ್ಷವೇ ಅವುಗಳ ಬಲದಲ್ಲಿ ಆರ್ಥರ್ ವೆಲ್ಲೆಸ್ಲಿ ಧೋಂಡಿಯಾ ವಾಘ್‌ನ ಬೆನ್ನು ಹತ್ತಿದ. ಧೋಂಡಿಯಾ ಅಜ್ಜಂಪುರಕ್ಕೆ ಹತ್ತಿರದ ಚನ್ನಗಿರಿಯವನು, ಟಿಪ್ಪುವಿನ ಸೆರೆಯಿಂದ ಬಿಡುಗಡೆಯಾಗಿ ಬಿದನೂರಿನ ಸುತ್ತ ಪಡೆ ಕಟ್ಟಿದವನು. ತಿಂಗಳುಗಟ್ಟಲೆ ಬೆನ್ನಟ್ಟಿದ ಮೇಲೆ 1800ರ ಸೆಪ್ಟೆಂಬರಿನಲ್ಲಿ ಕೋನಗಲ್ಲಿನಲ್ಲಿ ಅವನು ಕಾದಾಡಿ ಸತ್ತ. ಮುಂದೆ ಸ್ಪೇನಿನಲ್ಲಿ ನೆಪೋಲಿಯನ್ನನ ಸೈನ್ಯದೆದುರು ನಿಂತಾಗ ವೆಲ್ಲೆಸ್ಲಿ ಮೈಸೂರಿನ ಎತ್ತುಗಳು ತನ್ನ ಬಳಿ ಇಲ್ಲವಲ್ಲ ಎಂದು ಹಲುಬಿದನಂತೆ.

1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬಾತ ಇಲಾಖೆಯ ಹೊಣೆ ಹೊತ್ತು ಹಿಂಡುಗಳನ್ನು ಸುಸ್ಥಿತಿಗೆ ತಂದ. 1860ರಲ್ಲಿ ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲು ಹಿಂಡುಗಳನ್ನೇ ಮಾರಿಸಿಬಿಟ್ಟ. ಕಚೇರಿಯ ಲೆಕ್ಕದಲ್ಲಿ ಮಾತ್ರ ಜಾಣತನವೆನಿಸುವ ಉಳಿತಾಯ ಅದು. ಆರು ವರ್ಷದೊಳಗೆ, 1866ರಲ್ಲಿ, ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ಆಮೇಲೆ ಅದು ಮೈಸೂರು ಸರ್ಕಾರಕ್ಕೆ ಬಂದು, 1920ರ ದಶಕದವರೆಗೂ ಸೈನ್ಯ ಇಲಾಖೆಯಲ್ಲೇ ಇತ್ತು.

ಇಂದು ಆ ಪರಂಪರೆಯ ಕೇಂದ್ರ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ. ಬೀರೂರು, ಬಾಸೂರು, ಲಿಂಗದಹಳ್ಳಿ ಮುಂತಾದೆಡೆ ಉಪಕೇಂದ್ರಗಳಿವೆ. ಬೂದು ಮೈ, ನಡುವೆ ಗೀರೆಳೆದಂಥ ಉದ್ದ ಹಣೆ, ಬುಡದಲ್ಲಿ ಒತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇರುವ ಚೂಪು ಕೊಂಬು: ನೂರು ದನಗಳ ನಡುವೆಯೂ ಗುರುತು ಸಿಗುತ್ತದೆ. ಹಾಲು ಕಡಿಮೆ, ಇರುವುದು ಕರುವಿಗೇ. ಕೊಟ್ಟಿಗೆ ಕಾಣದೆ ಬಯಲಲ್ಲಿ ಬೆಳೆದ ಹಿಂಡು ಗುರುತಿಲ್ಲದವರನ್ನು ಕಂಡರೆ ಕಿವಿ ನಿಮಿರಿಸಿ ಒಟ್ಟಾಗಿ ತಿರುಗಿ ನಿಲ್ಲುತ್ತದೆ. ಆಗ ಹಿಂದೆ ಸರಿಯುವುದೇ ಕ್ಷೇಮ.

ದನಕ್ಕಿಂತ ಹೆಚ್ಚು ಸವೆದದ್ದು ನೆಲ. ಹಿಂದೆ ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಎಂದು ಕಾವಲುಗಳಿದ್ದವು. ಬೇಸಿಗೆಯವು ಕೆರೆಯ ಅಂಗಳದಲ್ಲಿ, ನೀರು ನೆರಳು ಇರುವಲ್ಲಿ. ಲಕ್ಷಗಟ್ಟಲೆ ಎಕರೆಯ ಆ ಜಾಲ ಸಾಗುವಳಿಗೆ, ನೆಡುತೋಪಿಗೆ, ಒತ್ತುವರಿಗೆ ಹರಿದು ಹಂಚಿಹೋಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲು ಮಾತ್ರ ಕೃಷ್ಣಮೃಗಗಳ ದೆಸೆಯಿಂದ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಗಿ ಬಚಾವಾಯಿತು. ಚಳ್ಳಕೆರೆಯ ಕಡೆಯ ಕಾವಲುಗಳಲ್ಲಿ ಸಾವಿರಾರು ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ವರವು ಕಾವಲಿನಲ್ಲಿ ಈಗ ಡಿಆರ್‌ಡಿಒ ಪೈಲಟ್‌ರಹಿತ ವಿಮಾನಗಳನ್ನು ಪರೀಕ್ಷಿಸುತ್ತದೆ. ಸೈನ್ಯಕ್ಕೆಂದು ಬಿಟ್ಟ ನೆಲ ಸೈನ್ಯಕ್ಕೇ ಹೋಯಿತೆಂದು ಸಮಾಧಾನಪಟ್ಟುಕೊಳ್ಳಬಹುದಿತ್ತು, ಅಲ್ಲಿ ಕುರಿ ಮೇಯಿಸುತ್ತಿದ್ದವರ ಗತಿ ನೆನೆಯದಿದ್ದರೆ.

ತಳಿಯ ಕಸುವು ನೋಡಬೇಕಾದರೆ ಬೀರೂರಿನಲ್ಲಿ ನಡೆಯುವ ಹೋರಿಗರುಗಳ ಹರಾಜಿಗೆ ಹೋಗಬೇಕು. ಹಾವೇರಿ, ದಾವಣಗೆರೆ, ಶಿವಮೊಗ್ಗದ ಕಡೆಯ ರೈತರು ಬರುತ್ತಾರೆ. ಸುಳಿ ನೋಡುತ್ತಾರೆ, ಗೊರಸು ನೋಡುತ್ತಾರೆ, ಕೊಂಬು ಸಮನಾಗಿ ಏಳುತ್ತದೋ ಎಂದು ಅಂದಾಜು ಕಟ್ಟುತ್ತಾರೆ. ಒಳ್ಳೆಯ ಜೋಡಿ ಲಕ್ಷ ರೂಪಾಯಿ ದಾಟುತ್ತದೆ. ಕೆಲವು ಹೊಲಕ್ಕೆ ಹೋದರೆ, ಇನ್ನು ಕೆಲವು ದೀಪಾವಳಿಯ ಹೋರಿ ಬೆದರಿಸುವ ಅಖಾಡಕ್ಕೆ. ಕೂಗಿ ಕೊಂಡವರ ಪೇಚಾಟ ಶುರುವಾಗುವುದು ಆಮೇಲೆಯೇ: ಹಗ್ಗದ ರುಚಿ ಕಾಣದ ಕರುವನ್ನು ಹತ್ತಾರು ಜನ ಸೇರಿ ಲಾರಿಗೆ ಹತ್ತಿಸಬೇಕು.