ಜೈಲಿನೊಳಗೆ ಇಣುಕಿ ನೋಡೋರು ಯಾರ್ರೀ?

ನಮ್ಮ ಸಿನಿಮಾದ ಜೈಲು ನಿಮಗೆ ಗೊತ್ತೇ ಇದೆ. ಪಟ್ಟೆ ಪಟ್ಟೆ ಅಂಗಿ, ತಲೆಗೊಂದು ಟೋಪಿ, ಎದೆ ಮೇಲೆ ನಂಬರು. ಹೀರೋ ಕಲ್ಲು ಒಡೀತಾನೆ, ವಾರ್ಡರ್ ಲಾಠಿ ಬೀಸ್ತಾನೆ, ಕೊನೆಗೆ ಮೀಸೆ ಜೈಲರ್ ಸಾಹೇಬರ ಮನಸ್ಸು ಕರಗುತ್ತೆ. ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ! ಆದರೆ ಜೈಲು ಇಲಾಖೆಯ ಸಂಬಳ ತಿನ್ನದ ಹೊರಗಿನವನೊಬ್ಬ ದಿಢೀರನೆ ಒಳಗೆ ಬಂದು, ಕೈದಿಯ ತಟ್ಟೆ ನೋಡಿ, “ಊಟ ಹೇಗಿದೆಯಪ್ಪಾ?” ಅಂತ ಕೇಳಿದ ಸೀನು ಯಾವ ಚಿತ್ರದಲ್ಲಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ. ನಿಜವಾದ ಜೈಲಿನಲ್ಲೂ ಆ ಪಾತ್ರಧಾರಿಯ ಎಂಟ್ರಿ ಬಲು ಅಪರೂಪ.

ಚಂದ್ರಿ ಕಂಡ ಜೈಲು

‘ಸಂಸ್ಕಾರ’ದ ಚಂದ್ರಿಯನ್ನು ಮರೆತಿಲ್ಲ ತಾನೆ? 1970ರ ಚಿತ್ರ, ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದ ಚಿತ್ರ. ಗಿರೀಶ್ ಕಾರ್ನಾಡರ ಎದುರು ಚಂದ್ರಿಯಾದವರು ಸ್ನೇಹಲತಾ ರೆಡ್ಡಿ, ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರ ಪತ್ನಿ. ತುರ್ತು ಪರಿಸ್ಥಿತಿಯ ಕಾಲ. ಜಾರ್ಜ್ ಫರ್ನಾಂಡಿಸರ ಸ್ನೇಹ, ಬರೋಡ ಡೈನಮೈಟ್ ಕೇಸಿನ ಗುಮಾನಿ... 1976ರ ಮೇ ತಿಂಗಳಲ್ಲಿ ಪೊಲೀಸರು ಹಿಡಿದರು. ಕೊನೆಗೆ ಆ ಕೇಸಿನ ಚಾರ್ಜ್‌ಶೀಟಿನಲ್ಲಿ ಅವರ ಹೆಸರೇ ಇರಲಿಲ್ಲ! ಆದರೂ ಮೀಸಾ ಕಾಯ್ದೆ ಹಾಕಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಇಟ್ಟರು.

ಅವರಿಗೆ ಮೊದಲಿಂದಲೂ ಉಬ್ಬಸ. ಜೈಲಿನಲ್ಲಿ ಅದು ವಿಪರೀತಕ್ಕೆ ಹೋಯಿತು. ಅದೇ ಜೈಲಿನಲ್ಲಿದ್ದ ಮಧು ದಂಡವತೆ, ರಾತ್ರಿಯ ಮೌನದಲ್ಲಿ ಸ್ನೇಹಲತಾ ಚೀರುವುದು ಕೇಳಿಸುತ್ತಿತ್ತು ಅಂತ ಆಮೇಲೆ ಬರೆದರು. ಕೇಳಿಸಿದ್ದು ಇನ್ನೊಬ್ಬ ಕೈದಿಗೆ! ಹೊರಗಿದ್ದೋರಿಗಲ್ಲ. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 20ಕ್ಕೆ ತೀರಿಕೊಂಡರು. ಬರೀ ಐದು ದಿನ. ಜೈಲಿನಲ್ಲಿ ಅವರು ಬರೆದಿಟ್ಟ ಡೈರಿ ಅದೇ ವರ್ಷ ಅಚ್ಚಾಯಿತು, ಒಳಗಿನದು ಜನಕ್ಕೆ ಗೊತ್ತಾಗಿದ್ದು ಹಾಗೆ. ಆ ಜೈಲೇ ಇವತ್ತಿನ ಫ್ರೀಡಂ ಪಾರ್ಕ್. ಮೆಜೆಸ್ಟಿಕ್ಕಿನಿಂದ ನಡೆದೇ ಹೋಗಬಹುದು, ಸಿನಿಮಾಕ್ಕೆ ಬಂದಾಗ ಒಮ್ಮೆ ನೋಡಿಬನ್ನಿ.

ಈಗ ಇನ್ನೊಂದು ರೀಲು

2024ರ ಆಗಸ್ಟ್. ಪರಪ್ಪನ ಅಗ್ರಹಾರ ಜೈಲಿನ ಅಂಗಳದಲ್ಲಿ ಕುರ್ಚಿ, ಒಂದು ಕೈಲಿ ಸಿಗರೇಟು, ಇನ್ನೊಂದು ಕೈಲಿ ಕಪ್ಪು. ದರ್ಶನ್ ಅವರ ಆ ಫೋಟೋ ನೋಡದವರು ಯಾರಿದ್ದೀರಿ? ಅಭಿಮಾನಿಗಳು ಕೋಪ ಮಾಡ್ಕೋಬೇಡಿ. ಕೊಲೆ ಕೇಸಿನ ತಪ್ಪು ಒಪ್ಪು ತೀರ್ಮಾನ ಮಾಡೋದು ಕೋರ್ಟು, ನಾನಲ್ಲ. ನನ್ನ ಪ್ರಶ್ನೆ ಬೇರೆ. ಆ ಅಂಗಳ ಮೊದಲು ಕಂಡಿದ್ದು ಯಾರಿಗೆ? ತಪಾಸಣೆಗೆ ಹೋದ ಸಾಹೇಬರಿಗಲ್ಲ, ಒಂದು ಮೊಬೈಲಿಗೆ! ಫೋಟೋ ಊರೆಲ್ಲ ಸುತ್ತಿದ ಮೇಲೆ ಸಿಬ್ಬಂದಿ ಸಸ್ಪೆಂಡು, ನಾಯಕನಟ ಬಳ್ಳಾರಿ ಜೈಲಿಗೆ. ಮುಂದೆ 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಜಾಮೀನು ರದ್ದು ಮಾಡಿದಾಗ, ಮತ್ತೆ ಇಂಥ ರಾಜೋಪಚಾರ ಕಂಡರೆ ಸೂಪರಿಂಟೆಂಡೆಂಟರನ್ನೇ ಸಸ್ಪೆಂಡ್ ಮಾಡಿಸ್ತೀವಿ ಅಂತ ಗದರಿತು.

ಒಬ್ಬರಿಗೆ ಉಸಿರಾಟಕ್ಕೂ ತತ್ವಾರ, ಇನ್ನೊಬ್ಬರಿಗೆ ಕುರ್ಚಿ ಸಿಗರೇಟು. ಎರಡೂ ಒಂದೇ ಮುಚ್ಚಿದ ಗೇಟಿನ ಹಿಂದೆ. ಇಲಾಖೆಯೊಳಗಿನವರೇ ನೋಡಿ ಹೇಳಿದರೆ ಏನಾಗುತ್ತೆ ಅನ್ನೋದಕ್ಕೂ ಇದೇ ಜೈಲು ಸಾಕ್ಷಿ. 2017ರ ಜುಲೈಯಲ್ಲಿ ಡಿಐಜಿಯಾಗಿದ್ದ ಡಿ. ರೂಪಾ, ಶಶಿಕಲಾ ಅವರಿಗೆ ವಿಶೇಷ ಸವಲತ್ತು ಸಿಗ್ತಿದೆ ಅಂತ ವರದಿ ಕೊಟ್ಟರು. ಕೆಲವೇ ದಿನದಲ್ಲಿ ಎತ್ತಂಗಡಿಯಾಗಿದ್ದು ರೂಪಾ ಅವರೇ! ಸವಲತ್ತು ಸಿಕ್ಕಿದ್ದು ನಿಜ ಅಂತ ಆಮೇಲೆ ವಿನಯ್ ಕುಮಾರ್ ಸಮಿತಿಯೂ ಹೇಳಿತು.

ಒಂದು ಕಾಗದದ ಕರಾಮತ್ತು

ಕಾನೂನು ಇಲ್ಲ ಅಂತಲ್ಲ. ಪಿಯುಸಿಗೆ ಕೈಮುಗಿದು ಬಂದ ನನ್ನಂಥವನಿಗೂ ಅರ್ಥವಾಗೋ ಹಾಗಿದೆ. ಬ್ರಿಟಿಷರ 1894ರ ಕಾಯ್ದೆಯಲ್ಲೇ ಜೈಲಿಗೆ ಸಂದರ್ಶಕರನ್ನು ನೇಮಿಸೋ ಮಾತಿದೆ. 1979ರಲ್ಲಿ ಸುನಿಲ್ ಬಾತ್ರಾ ಅನ್ನೋ ಗಲ್ಲುಶಿಕ್ಷೆಯ ಕೈದಿ ತಿಹಾರ್ ಜೈಲಿನಿಂದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಕಾಗದ ಬರೆದ. ತನಗಾಗಿ ಅಲ್ಲ, ದುಡ್ಡಿಗಾಗಿ ವಾರ್ಡರ್ ಚಿತ್ರಹಿಂಸೆ ಕೊಟ್ಟ ಇನ್ನೊಬ್ಬ ಕೈದಿಗಾಗಿ! ಕೋರ್ಟು ಆ ಕಾಗದವನ್ನೇ ಅರ್ಜಿ ಅಂತ ತಗೊಂಡು, ವಕೀಲರನ್ನು ಜೈಲಿನೊಳಗೆ ಕಳಿಸಿ ನೋಡಿಸಿತು. ಕೃಷ್ಣ ಅಯ್ಯರ್ ಅವರ ತೀರ್ಪಿನಲ್ಲಿ ಜಡ್ಜುಗಳು ಜೈಲಿಗೆ ಹೋಗಿ ಕೈದಿಗಳ ಅಹವಾಲು ಕೇಳಬೇಕು, ದೂರಿನ ಪೆಟ್ಟಿಗೆ ಇಡಬೇಕು ಅಂತೆಲ್ಲ ಬಂತು. 2015ರಲ್ಲಿ ಅದೇ ಕೋರ್ಟು ಜೈಲಿಗೆಲ್ಲ ಕ್ಯಾಮೆರಾ ಹಾಕಿ, ಅಧಿಕಾರಿಗಳಲ್ಲದ ಸಂದರ್ಶಕರ ನೇಮಕ ಮಾಡೋದನ್ನೂ ಯೋಚಿಸಿ ಅಂತ ರಾಜ್ಯಗಳಿಗೆ ಹೇಳಿತು.

ಆದರೆ ಸಂದರ್ಶಕರು ಬರೋ ದಿನ ಮೊದಲೇ ಗೊತ್ತಾದರೆ ಗೋಡೆಗೆ ಸುಣ್ಣ, ಸಾರಿಗೆ ಬೇಳೆ ಎರಡೂ ಬೀಳುತ್ತೆ. ಪಕ್ಕದಲ್ಲಿ ವಾರ್ಡರ್ ನಿಂತಿದ್ದರೆ ಯಾವ ಕೈದಿ ಬಾಯಿ ಬಿಟ್ಟಾನು? ಇಂಗ್ಲೆಂಡಿನಲ್ಲಿ 1980ರ ದಶಕದಿಂದಲೇ ಜೈಲಿಗೆಂದು ಬೇರೆ ಇನ್‌ಸ್ಪೆಕ್ಟರರಿದ್ದಾರೆ. ಹೇಳದೆ ಕೇಳದೆ ನುಗ್ಗುತ್ತಾರೆ, ಕಂಡದ್ದನ್ನು ಅಚ್ಚು ಹಾಕಿಸುತ್ತಾರೆ. ನಮಗೂ ಬೇಕಾಗಿರೋದು ಅಂಥವರು.

ಹೀರೋಗಳ ಮಾತು ಬಿಡಿ, ಅವರಿಗೆ ಫೋಟೋ ತೆಗೆಯೋರಾದರೂ ಇದ್ದಾರೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿಗೆ ಇನ್ನೂ ಶಿಕ್ಷೆಯೇ ಆಗಿರಲಿಲ್ಲ, ವಿಚಾರಣಾಧೀನರು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು, ಜೈಲಿನೊಳಗಿನ ಜಾತಿ ತಾರತಮ್ಯದ ಕೇಸಿನಲ್ಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ಸಂದರ್ಶಕರ ಮಂಡಳಿ ಜೊತೆಯಾಗಿ ತಪಾಸಣೆ ಮಾಡಬೇಕು ಅಂತ ಆದೇಶ ಕೊಟ್ಟಿದೆ. ನಿಮ್ಮ ಅಣ್ಣನೋ ಗೆಳೆಯನೋ ಒಳಗಿದ್ದು, ಏಟು ಬಿತ್ತು, ಔಷಧಿ ಸಿಗಲಿಲ್ಲ ಅಂದರೆ ಆ ಪ್ರಾಧಿಕಾರಕ್ಕೆ ಬಿಳಿ ಹಾಳೆಯಲ್ಲಿ ಬರೆದು ಕೊಡಿ. ಜೈಲಿನಲ್ಲಿದ್ದವನಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಅಲ್ಲಿ ಪುಕ್ಕಟೆ.