ನವದಂಪತಿಗಳ ಪ್ರಥಮ ನೌಕಾವಿಹಾರ: ಶಿಕಾರಿಪುರ, ಸೊರಬ ಸೀಮೆಗಳ ದೃಷ್ಟಿಯಿಂದ

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ವಿವಾಹಾನಂತರದ ಪ್ರಯಾಣವೆಂಬುದು ಹೊಸ ಸಂಗತಿಯೇನೂ ಅಲ್ಲ. ಮದುವೆಯ ಚಪ್ಪರ ಬಿಚ್ಚುವಷ್ಟರಲ್ಲಿ ಮನೆದೇವರಿಗೆ, ಚಂದ್ರಗುತ್ತಿಯ ರೇಣುಕಾಂಬೆಗೆ, ಗೋಕರ್ಣಕ್ಕೆ ಅಥವಾ ಧರ್ಮಸ್ಥಳಕ್ಕೆ ಹೋಗಿಬರುವ ವಾಡಿಕೆ ಬಹುಕಾಲದಿಂದಲೂ ಇದೆ. ಆದರೆ ಅದು ಕುಟುಂಬದ ಯಾತ್ರೆ. ಅತ್ತೆ ಮಾವಂದಿರು, ನಾದಿನಿಯರು, ಒಂದಿಬ್ಬರು ಮಕ್ಕಳು ಜೊತೆಗಿದ್ದೇ ಇರುತ್ತಾರೆ. ಮಧುಚಂದ್ರವೆಂಬ ಹೆಸರಿನಲ್ಲಿ ದಂಪತಿಗಳಿಬ್ಬರೇ ಹೊರಡುವ ಪ್ರವಾಸವು ಈಚಿನದು. ಅದರಲ್ಲಿಯೂ ಜನರು ಕ್ರೂಸ್ ಎಂದು ಕರೆಯುವ ವಿಹಾರನೌಕೆಯ ಪ್ರವಾಸವು ತೀರ ಈಚಿನದು. ಈ ವಿಷಯವಾಗಿ ತರುಣ ಅಧ್ಯಾಪಕರೂ ವಿದ್ಯಾರ್ಥಿಗಳೂ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಯಾವ ಹಡಗು, ಎಷ್ಟು ಹಣ. ಇವೆರಡೂ ಅನಂತರದ ಪ್ರಶ್ನೆಗಳೆಂದು ನಮ್ಮ ಅಭಿಪ್ರಾಯ. ಮೊದಲು ಕೇಳತಕ್ಕದ್ದು ‘ಯಾವಾಗ’ ಎಂಬುದು. ಏಕೆಂದರೆ ಈ ಸೀಮೆಯಲ್ಲಿ ಮದುವೆಗಳು ಪಂಚಾಂಗವನ್ನು ಅನುಸರಿಸುತ್ತವೆ, ಹಡಗುಗಳು ಮಾರುತವನ್ನು ಅನುಸರಿಸುತ್ತವೆ; ಈ ಎರಡು ಲೆಕ್ಕಗಳು ತಾವಾಗಿ ಕೂಡಿಬರುವುದಿಲ್ಲ.

ಅದಕ್ಕೆ ಮುಂಚೆ ಒಂದು ಮಾತು. ಮಲೆನಾಡಿನವರಿಗೂ ಸಮುದ್ರಕ್ಕೂ ಎಲ್ಲಿಯ ಸಂಬಂಧವೆಂದು ಕೇಳುವವರುಂಟು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನಕ್ಕೆ ಕಾರಣವಾದ ಕರ್ಮಗಳಲ್ಲಿ ಎಣಿಸಿದೆಯೆಂಬುದು ವಿದಿತವೇ. ಆ ಗ್ರಂಥವೇ ಸಮುದ್ರಯಾನವು ಔತ್ತರೇಯರಲ್ಲಿ ರೂಢಿಯಲ್ಲಿದ್ದ ಆಚಾರವೆಂದು ಹೇಳುವುದನ್ನು ಮಾತ್ರ ನಮ್ಮ ಹಿರಿಯರು ಅಷ್ಟಾಗಿ ಗಮನಿಸಲಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ವರ್ತಕರಂತೂ ಈ ನಿಷೇಧಕ್ಕೆ ಸೊಪ್ಪು ಹಾಕಿದಂತೆ ತೋರುವುದಿಲ್ಲ. ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ಶಾಸನಸಂಪುಟದಲ್ಲಿ ಸೇರಿರುವ, ಹನ್ನೊಂದನೆಯ ಶತಮಾನದ ನಡುಭಾಗದ ಬಳ್ಳಿಗಾವೆಯ ಶಾಸನವೊಂದು ಐನೂರ್ವರೆಂಬ ವರ್ತಕಸಂಘವನ್ನು ವರ್ಣಿಸುತ್ತ, ಅವರು ನೆಲದ ದಾರಿಯಿಂದಲೂ ಜಲದ ದಾರಿಯಿಂದಲೂ ದೇಶದೇಶಗಳನ್ನು ಹೊಕ್ಕು ಆನೆ, ಕುದುರೆ, ರತ್ನ, ಸುಗಂಧದ್ರವ್ಯಗಳನ್ನು ಮಾರುವವರೆಂದು ಹೊಗಳುತ್ತದೆ. ಪ್ರಶಸ್ತಿಯಲ್ಲಿ ಉತ್ಪ್ರೇಕ್ಷೆ ಇರಬಹುದು, ಇರಲಿ. ಈ ಊರಿಗೆ ಜಲಮಾರ್ಗವು ಅಪರಿಚಿತವಾಗಿರಲಿಲ್ಲವೆಂಬಷ್ಟು ನಮಗೆ ಸಾಕು.

ಇಂದಿನ ದಂಪತಿಗಳ ಅನುಭವವಾದರೋ ಬಹುಮಟ್ಟಿಗೆ ಶರಾವತಿಯ ಲಾಂಚಿನದು. ಸಿಗಂದೂರಿಗೆ ಹೋಗುವಾಗ ಹೊಳೆಬಾಗಿಲಿನಲ್ಲಿ ಬಸ್ಸು, ಜನ, ಎಲ್ಲವನ್ನೂ ಹೊತ್ತು ಹಿನ್ನೀರನ್ನು ದಾಟಿಸುತ್ತಿದ್ದ ಆ ಲಾಂಚನ್ನು ಹತ್ತದವರು ಈ ಸೀಮೆಯಲ್ಲಿ ವಿರಳ. ೨೦೨೫ನೆಯ ಜುಲೈ ೧೪ರಂದು ಅಲ್ಲಿ ಸೇತುವೆಯು ಉದ್ಘಾಟನೆಯಾಗಿ ಆ ಅನುಭವವೂ ಹಿಂದೆ ಸರಿಯಿತು. ಲಾಂಚಿನಲ್ಲಿ ತಲೆ ತಿರುಗಲಿಲ್ಲವಾದುದರಿಂದ ಹಡಗಿನಲ್ಲಿಯೂ ತಿರುಗದೆಂದು ಭಾವಿಸುವುದು ತಪ್ಪು. ಅದು ನಿಂತ ನೀರು. ಇದು ಉಸಿರಾಡುವ ನೀರು.

ಇನ್ನು ಕಾಲದ ವಿಚಾರ. ನೈಋತ್ಯ ಮಾರುತವು ಕೇರಳದ ತೀರವನ್ನು ವಾಡಿಕೆಯಂತೆ ಜೂನ್ ೧ರ ಸುಮಾರಿಗೆ ಮುಟ್ಟುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತತಿಯ ರಕ್ಷಣೆ ಇದರ ಮುಖ್ಯ ಉದ್ದೇಶವಾದರೂ, ಅರಬ್ಬೀ ಸಮುದ್ರವು ಆ ತಿಂಗಳುಗಳಲ್ಲಿ ಎಂಥ ಸ್ಥಿತಿಯಲ್ಲಿರುತ್ತದೆಂಬುದಕ್ಕೆ ಇದೊಂದು ಸೂಚನೆಯೂ ಹೌದು. ಮೇ ತಿಂಗಳ ಉತ್ತರಾರ್ಧವೂ ನಂಬತಕ್ಕದ್ದಲ್ಲ: ೨೦೨೧ರ ಮೇ ತಿಂಗಳಲ್ಲಿ ‘ತೌಕ್ತೆ’ ಚಂಡಮಾರುತವು ಇಡೀ ಪಶ್ಚಿಮ ತೀರವನ್ನು ಬಡಿದುದನ್ನು ವಾಚಕರು ಮರೆತಿರಲಾರರು. ಆದುದರಿಂದ ಪಶ್ಚಿಮ ತೀರದಲ್ಲಿ ಮೊದಲ ಸಲ ಹಡಗು ಹತ್ತುವವರಿಗೆ ಉಚಿತವಾದ ಕಾಲವೆಂದರೆ ನವೆಂಬರಿನಿಂದ ಮಾರ್ಚಿಯವರೆಗೆ. ಅದರಲ್ಲಿಯೂ ಡಿಸೆಂಬರಿನಿಂದ ಫೆಬ್ರವರಿಯವರೆಗಿನದು ಉತ್ತಮ.

ಇದಕ್ಕೆ ಪಂಚಾಂಗವನ್ನು ಹೊಂದಿಸಿ ನೋಡೋಣ. ವೈಶಾಖ ಜ್ಯೇಷ್ಠಗಳಲ್ಲಿ ಮದುವೆಗಳು ಹೆಚ್ಚು. ಶಾಲೆಗಳಿಗೆ ರಜೆ, ಹೊಲದಲ್ಲಿ ಬಿಡುವು. ಆದರೆ ಮದುವೆಯ ಗದ್ದಲ ಮುಗಿದು ದಂಪತಿಗಳು ಹೊರಡುವ ಹೊತ್ತಿಗೆ ಸಮುದ್ರದ ಬಾಗಿಲು ಮುಚ್ಚಿರುತ್ತದೆ. ಆಮೇಲೆ ಆಷಾಢ. ಮೊದಲ ಆಷಾಢದಲ್ಲಿ ಅತ್ತೆ ಸೊಸೆಯರು ಒಂದೇ ಬಾಗಿಲಲ್ಲಿ ನಡೆದಾಡಬಾರದೆಂದು ಮದುಮಗಳನ್ನು ತವರಿಗೆ ಕಳುಹಿಸುತ್ತಾರೆ. ಶ್ರಾವಣ ಭಾದ್ರಪದಗಳು ಮಳೆಗೂ ಹಬ್ಬಗಳಿಗೂ ಸಲ್ಲುತ್ತವೆ. ಆಶ್ವಯುಜದ ಭೂಮಿ ಹುಣ್ಣಿಮೆಗೆ ಸೊರಬದ ರೈತರ ಮನೆಗಳಲ್ಲಿ ಬುಟ್ಟಿಗೆ ಚಿತ್ತಾರ ಬರೆಯುವಾಗ ಹೊಸ ಸೊಸೆಯ ಕೈ ಬೇಕು. ಅಳಿಯನ ಮೊದಲ ದೀಪಾವಳಿಯು ಮಾವನ ಮನೆಯಲ್ಲಿಯೇ ಆಗಬೇಕು. ಹೀಗೆ ಮೇ ತಿಂಗಳಲ್ಲಿ ಮದುವೆಯಾದವರಿಗೆ ಹಡಗು ದೊರೆಯುವುದು ದೀಪಾವಳಿಯ ಅನಂತರವೇ. ೨೦೨೬ರಂತಹ ವರ್ಷದಲ್ಲಿ ಜ್ಯೇಷ್ಠವೇ ಅಧಿಕವಾಗಿ, ಮೇ ೧೭ರಿಂದ ಜೂನ್ ೧೫ರವರೆಗೆ ಮುಹೂರ್ತಗಳೇ ಇಲ್ಲವಾದಾಗ ಲೆಕ್ಕವು ಇನ್ನಷ್ಟು ತೊಡಕಾಗುತ್ತದೆ.

ಕಾರ್ತಿಕ ಮಾರ್ಗಶಿರಗಳಲ್ಲಿ ಮದುವೆಯಾದವರ ಅದೃಷ್ಟ ಬೇರೆ. ಅವರ ಬೆನ್ನಿಗೇ ಧನುರ್ಮಾಸ ಬರುತ್ತದೆ. ಆಗ ಶುಭಕಾರ್ಯಗಳಿಲ್ಲದುದರಿಂದ ನೆಂಟರ ಕರೆಗಳೂ ಕಡಮೆ, ಸಮುದ್ರವೂ ಶಾಂತ. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗಿನ ವಾರದಲ್ಲಿ ದರಗಳು ಏರುವುದರಿಂದ ಆ ವಾರವನ್ನು ಬಿಟ್ಟು, ಸಂಕ್ರಾಂತಿಗೆ ಮುಂಚಿನ ಹತ್ತು ದಿನಗಳನ್ನು ಆರಿಸಿಕೊಳ್ಳುವುದು ಜಾಣತನ. ಒಂದೇ ಅಡ್ಡಿ, ಅಡಿಕೆಯ ಕೊನೆಕೊಯ್ಲು. ತೋಟದ ಮನೆಯಲ್ಲಿ ಆ ಹೊತ್ತಿನಲ್ಲಿ ಒಬ್ಬ ಗಂಡಾಳು ಕಡಮೆಯಾದರೂ ತೊಂದರೆ. ಹಾಗಾದವರಿಗೆ ಮಾಘ ಫಾಲ್ಗುಣಗಳೇ ಸರಿ: ಕೊಯ್ಲು ಮುಗಿದಿರುತ್ತದೆ, ಅಡಿಕೆ ಮಂಡಿಯಿಂದ ಹಣವೂ ಬಂದಿರುತ್ತದೆ.

ಜೂನ್ ತಿಂಗಳಲ್ಲಿಯೇ ಹೋಗಬೇಕೆಂಬ ಹಟವುಳ್ಳವರಿಗೆ ದಾರಿಯೇ ಇಲ್ಲವೆಂದಲ್ಲ. ನೈಋತ್ಯ ಮಾರುತಕ್ಕೆ ಘಟ್ಟಗಳು ಅಡ್ಡಲಾಗಿರುವುದರಿಂದ ಕೋರಮಂಡಲ ತೀರದಲ್ಲಿ ಆಗ ಮಳೆ ಕಡಮೆ. ಮುಂಬಯಿಯಿಂದ ೨೦೨೧ರ ಸೆಪ್ಟೆಂಬರಿನಲ್ಲಿ ವಿಹಾರವನ್ನು ಆರಂಭಿಸಿದ ಕಾರ್ಡೀಲಿಯಾ ಸಂಸ್ಥೆಯ ‘ಎಂಪ್ರೆಸ್’ ಹಡಗು ೨೦೨೨, ೨೦೨೩ರ ಜೂನ್ ತಿಂಗಳುಗಳಲ್ಲಿ ಚೆನ್ನೈಯಿಂದ ಹೊರಟದ್ದು ಈ ಭೂಗೋಳವನ್ನು ಬಲ್ಲವರಿಗೆ ಆಶ್ಚರ್ಯವಲ್ಲ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಪರಿಸ್ಥಿತಿ ತಿರುಗುಮುರುಗಾಗಿ, ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳೇಳುತ್ತವೆ.

ಈ ‘ಎಂಪ್ರೆಸ್’ ೧೯೯೦ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ಸೇವೆಗೆ ಬಂದ ಹಡಗು. ಉದ್ದ ಸುಮಾರು ೨೧೧ ಮೀಟರು, ಪ್ರಮಾಣ ಸುಮಾರು ೪೮,೫೦೦ ಟನ್ನು. ಇಲ್ಲಿಯ ಟನ್ನು ತೂಕವಲ್ಲ, ಹಡಗಿನ ಒಳಗಿನ ಗಾತ್ರದ ಅಳತೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಮುಂಬಯಿಯಿಂದ ಗೋವೆಗೆ, ಕೊಚ್ಚಿಗೆ, ಲಕ್ಷದ್ವೀಪಕ್ಕೆ ಎಂದು ಎರಡರಿಂದ ಐದು ರಾತ್ರಿಗಳ ವಿಹಾರಗಳನ್ನು ಇಂತಹ ಹಡಗುಗಳು ನಡೆಸುತ್ತವೆ. ಮೊದಲ ಸಲ ಹೋಗುವವರಿಗೆ ಎರಡು ಅಥವಾ ಮೂರು ರಾತ್ರಿಗಳು ಸಾಕು. ಒಗ್ಗದಿದ್ದರೆ ಐದು ರಾತ್ರಿಗಳು ಬಹಳ ದೀರ್ಘ. ಸಂಸ್ಥೆಯು ನಡೆಯುತ್ತಿದೆಯೇ ಎಂಬುದನ್ನೂ ವಿಚಾರಿಸಬೇಕು: ೨೦೧೮ರಲ್ಲಿ ಮುಂಬಯಿ, ಗೋವೆಗಳ ನಡುವೆ ಆರಂಭವಾದ ‘ಆಂಗ್ರಿಯಾ’ ನೌಕೆಯ ಸೇವೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.

ಲಕ್ಷದ್ವೀಪಕ್ಕೆ ಕೊಚ್ಚಿಯಿಂದ ಸರ್ಕಾರದ ಪ್ರಯಾಣಿಕ ಹಡಗುಗಳೂ ಇವೆ. ಅವುಗಳಲ್ಲಿ ವಿಲಾಸವಿಲ್ಲ, ಆದರೆ ಸಮುದ್ರವಿದೆ. ಅಲ್ಲಿಗೆ ಹೋಗಲು ಪ್ರವೇಶಪರವಾನಗಿ ಅವಶ್ಯ. ಅಮಿನಿ, ಕಡಮತ್ ಮೊದಲಾದ ಅಮಿನ್‌ದಿವಿ ದ್ವೀಪಗಳು ೧೯೫೬ರ ನವೆಂಬರಿನವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿ ಮಂಗಳೂರಿನ ಆಡಳಿತದಲ್ಲಿದ್ದವೆಂಬುದು ನಮ್ಮ ಪದವೀಧರರಲ್ಲಿ ಅನೇಕರಿಗೆ ತಿಳಿಯದು.

ಬಂದರನ್ನು ಮುಟ್ಟುವ ಮಾರ್ಗವನ್ನು ಬೇಗ ಹೇಳಿ ಮುಗಿಸುತ್ತೇವೆ. ಸೊರಬದವರಿಗೆ ಸಾಗರ, ತಾಳಗುಪ್ಪ, ಗೇರುಸೊಪ್ಪೆಗಳ ಮೂಲಕ ಹೊನ್ನಾವರಕ್ಕಿಳಿದು, ೧೯೯೮ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗವನ್ನು ಹಿಡಿಯುವುದು ಸಹಜ. ಅದೇ ಮಾರ್ಗ ಒಂದು ಕಡೆಗೆ ಮುಂಬಯಿಗೂ ಇನ್ನೊಂದು ಕಡೆಗೆ ಕೊಚ್ಚಿಗೂ ಒಯ್ಯುತ್ತದೆ. ಶಿಕಾರಿಪುರದವರಿಗೆ ಹುಬ್ಬಳ್ಳಿಯ ದಾರಿಯೂ ಉಂಟು. ಯಾವ ದಾರಿಯಾದರೂ ಹಡಗು ಹೊರಡುವ ಹಿಂದಿನ ದಿನವೇ ಬಂದರಿನ ಊರನ್ನು ಸೇರಿರಬೇಕು. ಹಡಗು ಬಸ್ಸಿನಂತೆ ಕೈಯೊಡ್ಡಿದರೆ ನಿಲ್ಲುವುದಲ್ಲ.

ಕಾಗದಪತ್ರಗಳ ವಿಷಯದಲ್ಲಿ ಹೊಸ ದಂಪತಿಗಳಿಗೆ ಒಂದು ವಿಶೇಷ ತೊಡಕುಂಟು. ಅದು ಮದುಮಗಳ ಹೆಸರು. ಭಾರತದೊಳಗಿನ ವಿಹಾರಕ್ಕೆ ಭಾರತೀಯರು ಪಾಸ್‌ಪೋರ್ಟಿಲ್ಲದೆ, ಸರ್ಕಾರದ ಭಾವಚಿತ್ರಸಹಿತ ಗುರುತುಪತ್ರದಿಂದಲೇ ಹೋಗಬಹುದು. ಆದರೆ ಟಿಕೆಟ್ಟಿನ ಹೆಸರಿಗೂ ಗುರುತುಪತ್ರದ ಹೆಸರಿಗೂ ಅಕ್ಷರದ ವ್ಯತ್ಯಾಸವೂ ಇರಬಾರದು. ಮದುವೆಯ ಉತ್ಸಾಹದಲ್ಲಿ ಪತಿಯ ಹೆಸರನ್ನು ಸೇರಿಸಿ ಟಿಕೆಟ್ಟನ್ನು ಕೊಂಡು, ಆಧಾರ್ ಚೀಟಿಯಲ್ಲಿ ತಂದೆಯ ಹೆಸರನ್ನೇ ಉಳಿಸಿಕೊಂಡವರು ಬಂದರಿನಲ್ಲಿ ಕಷ್ಟಪಡುತ್ತಾರೆ. ಹೆಸರನ್ನು ಬದಲಿಸಬೇಕೇ ಬೇಡವೇ ಎಂಬುದು ಆಕೆಯ ನಿರ್ಧಾರ. ಪ್ರವಾಸಕ್ಕಾಗಿ ಆತುರಪಡುವುದು ಬೇಡ, ಹಳೆಯ ಹೆಸರಿನಲ್ಲಿಯೇ ಟಿಕೆಟ್ಟಿರಲಿ. ವಿವಾಹದ ನೋಂದಣಿಯನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮಾಡಿಸಿ ಪ್ರಮಾಣಪತ್ರವನ್ನು ಇಟ್ಟುಕೊಂಡಿರುವುದು ಹೇಗೂ ಒಳ್ಳೆಯದು. ಸಿಂಗಪುರದಂತಹ ಬಂದರಿನಿಂದ ಹೊರದೇಶದ ವಿಹಾರಕ್ಕೆ ಹೋಗುವವರು ಇನ್ನೊಂದನ್ನು ಗಮನಿಸಬೇಕು: ಹಡಗು ಬೇರೆ ದೇಶಕ್ಕೆ ಹೋಗಿ ಹೊರಟ ಬಂದರಿಗೇ ಮರಳುವುದರಿಂದ, ಆ ದೇಶವನ್ನು ಎರಡನೆಯ ಸಲ ಪ್ರವೇಶಿಸಲು ವೀಸಾದಲ್ಲಿ ಅನುಮತಿ ಇರಬೇಕು.

ಇನ್ನು ಕೋಣೆಯ ಆಯ್ಕೆ. ಹಡಗಿನ ಒಳಗೋಡೆಯ ಕೋಣೆಗಳಿಗೆ ಕಿಟಕಿಯಿಲ್ಲ, ಬೆಲೆ ಕಡಮೆ. ಹೊರಬದಿಯವುಗಳಿಗೆ ಕಿಟಕಿ ಅಥವಾ ಬಾಲ್ಕನಿ ಇರುತ್ತದೆ. ಅಲೆಯ ಮೇಲೆ ಹಡಗು ಮುಂದೆ ಹಿಂದೆ ತೂಗುವಾಗ ಮಕ್ಕಳ ಏತದ ಮರದಂತೆ ಎರಡು ತುದಿಗಳು ಬಹಳ ಏರಿಳಿಯುತ್ತವೆ, ನಡುಭಾಗ ಸ್ವಲ್ಪವೇ. ಪಕ್ಕಕ್ಕೆ ಹೊರಳುವಾಗ ಮೇಲಿನ ಅಂತಸ್ತುಗಳು ಹೆಚ್ಚು ವಾಲುತ್ತವೆ. ಆದುದರಿಂದ ಕೆಳಗಿನ ಅಂತಸ್ತಿನ ನಡುಭಾಗದ ಕೋಣೆಯೇ ಮೊದಲ ಪ್ರಯಾಣಕ್ಕೆ ಯೋಗ್ಯ; ಹೆಚ್ಚು ಬೆಲೆಯ ಮೇಲಿನ ಕೋಣೆಯು ಈ ಮಟ್ಟಿಗೆ ಕೆಳದರ್ಜೆಯದು. ಕಡಲಬೇನೆಯ ಕಾರಣವನ್ನೂ ಇಲ್ಲಿಯೇ ಹೇಳಬಹುದು. ಒಳಗಿವಿಯಲ್ಲಿರುವ ಸಮತೋಲದ ಅಂಗವು ‘ನಾವು ಚಲಿಸುತ್ತಿದ್ದೇವೆ’ ಎನ್ನುತ್ತದೆ. ಮುಚ್ಚಿದ ಕೋಣೆಯ ಗೋಡೆಯನ್ನು ನೋಡುವ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ವಿರೋಧದಿಂದಲೇ ವಾಕರಿಕೆ. ಮೇಲಟ್ಟಕ್ಕೆ ಬಂದು ಗಾಳಿಯಲ್ಲಿ ನಿಂತು ದಿಗಂತವನ್ನು ದಿಟ್ಟಿಸಿದರೆ ಕಣ್ಣು ಕಿವಿಗಳಿಗೆ ರಾಜಿಯಾಗುತ್ತದೆ. ಮಾತ್ರೆಗಳುಂಟು, ಅವನ್ನು ಊರಿನ ವೈದ್ಯರನ್ನು ಕೇಳಿಯೇ ಒಯ್ಯಬೇಕು, ವಾಂತಿ ಆರಂಭವಾಗುವ ಮೊದಲೇ ಸೇವಿಸಬೇಕು.

ಗೇರುಸೊಪ್ಪೆಯ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕುವವರು ಸಮುದ್ರದಲ್ಲಿಯೂ ಎಚ್ಚರವಾಗಿರಬೇಕು. ನಿಶ್ಚಿತಾರ್ಥವಾದ ಮೇಲೆ ಗಂಡು ಹೆಣ್ಣು ಮಾತನಾಡಿಕೊಳ್ಳುವ ಕಾಲವಿದು, ಇದನ್ನೂ ಕೇಳಿಕೊಳ್ಳಬಾರದೇಕೆ? ಗಂಡನು ಗುಟ್ಟಾಗಿ ಟಿಕೆಟ್ಟು ಕೊಂಡು ಹೆಂಡತಿಯನ್ನು ಬೆರಗುಗೊಳಿಸುವ ಪದ್ಧತಿಯನ್ನು ನಾವು ಒಪ್ಪಲಾರೆವು. ಎರಡು ಮನೆಗಳ ಹಣ ಮದುವೆಯಲ್ಲಿ ಕರಗಿರುವ ಹೊತ್ತಿನಲ್ಲಿ, ತಾನು ನೀರಿಗೆ ಹೆದರುವೆನೆಂದು ಹೇಳಲು ಅವಕಾಶವೇ ಸಿಗದೆ ಆಕೆಯು ಮೂರು ರಾತ್ರಿಗಳನ್ನು ಹಾಸಿಗೆಯಲ್ಲಿ ಕಳೆಯುವಂತಾಗುವುದು ಹೊಸ ಬಾಳಿಗೆ ಒಳ್ಳೆಯ ಮೊದಲಲ್ಲ.

ಹಣದ ಲೆಕ್ಕದಲ್ಲಿ ಎಚ್ಚರಿಸಬೇಕಾದದ್ದು ಇಷ್ಟು. ಜಾಹೀರಾತಿನ ದರವು ಒಬ್ಬರಿಗೆ, ಅದೂ ಕೋಣೆಯಲ್ಲಿ ಇಬ್ಬರಿರುವರೆಂಬ ಎಣಿಕೆಯಿಂದ. ಅದಕ್ಕೆ ಬಂದರಿನ ಶುಲ್ಕ, ಸೇವಾಶುಲ್ಕ, ತೆರಿಗೆಗಳು ಕೂಡುತ್ತವೆ. ಸಾಮಾನ್ಯ ಭೋಜನಶಾಲೆಯ ಊಟ ದರದಲ್ಲಿಯೇ ಸೇರಿರುತ್ತದೆ. ನಮ್ಮ ದೇಶದ ಹಡಗುಗಳಲ್ಲಿ ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ. ಪಾನೀಯಗಳು, ತೀರದ ತಿರುಗಾಟಗಳು ಬಹುಮಟ್ಟಿಗೆ ಬೇರೆ. ಖರ್ಚೆಲ್ಲವೂ ಕೋಣೆಯ ಖಾತೆಗೆ ಬರೆದುಕೊಂಡು ಕೊನೆಯ ದಿನ ಒಟ್ಟಿಗೆ ಬರುವುದರಿಂದ ದಿನವೂ ಸಂಜೆ ಅದನ್ನು ನೋಡಬೇಕು. ದಿನಾಂಕ ಹತ್ತಿರವಾದಷ್ಟೂ ರದ್ದುಮಾಡಿದಾಗ ಕಳೆದುಕೊಳ್ಳುವ ಹಣ ಹೆಚ್ಚು. ಮನೆಯಲ್ಲಿ ಸಾವು ಸೂತಕ ಬಂದರೆ ಮದುವೆಯೇ ಮುಂದೆ ಹೋಗುವುದುಂಟು. ಹಡಗಿನವರು ಸೂತಕವನ್ನು ಅರಿಯರು. ಮುಹೂರ್ತ ನಿಶ್ಚಯವಾಗುವ ಮುನ್ನ ಮುಂಗಡ ಕೊಡಬಾರದು. ಕೊಡುವಾಗ ದಿನಾಂಕ ಬದಲಿಸುವ ನಿಯಮವನ್ನು ಬರವಣಿಗೆಯಲ್ಲಿ ಪಡೆಯಬೇಕು.

ಒಯ್ಯುವ ಸಾಮಾನಿನಲ್ಲಿ ಇಸ್ತ್ರಿಪೆಟ್ಟಿಗೆ, ಊದಿನಕಡ್ಡಿ, ದೀಪ ಮೊದಲಾದ ಬೆಂಕಿಯ ವಸ್ತುಗಳಿಗೆ ಅವಕಾಶವಿಲ್ಲ. ಮದುವೆಯ ಒಡವೆಗಳನ್ನು ಮನೆಯಲ್ಲಿಯೇ ಬಿಟ್ಟುಬರುವುದು ಕ್ಷೇಮ. ತೀರ ಮರೆಯಾದೊಡನೆ ಮೊಬೈಲು ಫೋನು ಹಡಗಿನ ಉಪಗ್ರಹಜಾಲಕ್ಕೆ ತಾನಾಗಿ ಸೇರಿಕೊಳ್ಳಬಹುದು. ಅದರ ದರ ಬಹಳ ದುಬಾರಿ. ನಾವು ಮೊದಲ ಸಲ ಹಡಗು ಹತ್ತಿದಾಗ, ಊರಿಗೆ ‘ಕ್ಷೇಮ’ ಎಂಬ ಒಂದು ಮಾತು ಹೇಳಿದ್ದಕ್ಕೆ ತೆತ್ತ ಹಣವನ್ನು ಮನೆಯಲ್ಲಿ ಇಂದಿಗೂ ನೆನೆಯುತ್ತಾರೆ.

ಹತ್ತಿದ ದಿನ ನಡೆಯುವ ರಕ್ಷಣಾಭ್ಯಾಸವನ್ನು ಹೊಸಬರು ಕಾಟವೆಂದು ತಿಳಿಯುತ್ತಾರೆ. ೧೯೧೨ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, ೧೯೧೪ರಲ್ಲಿ ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ ಹುಟ್ಟಿತು. ಆದರೂ ೨೦೧೨ರ ಜನವರಿ ೧೩ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕೋರ್ಡಿಯಾ’ ಬಂಡೆಗೆ ತಗುಲಿ ೩೨ ಜನರು ಮಡಿದಾಗ, ಆ ಸಂಜೆಯೇ ಹತ್ತಿದವರಿಗೆ ಅಭ್ಯಾಸವಿನ್ನೂ ಆಗಿರಲಿಲ್ಲ. ೨೦೧೫ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟೊಡನೆ ಅಭ್ಯಾಸ ನಡೆಯಲೇಬೇಕೆಂಬ ನಿಯಮವಿದೆ. ದಂಪತಿಗಳಿಬ್ಬರೂ ತಮ್ಮ ಕೋಣೆಯಿಂದ ಸೇರುವ ಸ್ಥಳಕ್ಕೆ ಒಮ್ಮೆ ನಡೆದು ನೋಡಬೇಕು. ಒಬ್ಬರು ನೋಡಿ ಇನ್ನೊಬ್ಬರಿಗೆ ಹೇಳುವುದು ಸಾಲದು.

ಹೆಚ್ಚು ಹಣ ತೆರುವ ಮೊದಲು ಪರೀಕ್ಷೆ ಮಾಡಿಕೊಳ್ಳಬೇಕೆಂಬವರಿಗೆ ನಮ್ಮ ಕರಾವಳಿಯಲ್ಲಿಯೇ ಅವಕಾಶವಿದೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪದ ಕಡೆಗೆ, ಮಲ್ಪೆಯಿಂದ ಸೇಂಟ್ ಮೇರಿ ದ್ವೀಪಕ್ಕೆ ದೋಣಿಗಳು ಹೋಗುತ್ತವೆ; ಮಳೆಗಾಲದಲ್ಲಿ ಇವೂ ಇಲ್ಲ. ಸಣ್ಣ ದೋಣಿಯು ದೊಡ್ಡ ಹಡಗಿಗಿಂತ ಹೆಚ್ಚು ಕುಲುಕುವುದರಿಂದ ಅಲ್ಲಿ ತಡೆದವರು ಹಡಗಿನಲ್ಲಿ ತಡೆಯುವ ಸಂಭವ ಹೆಚ್ಚು. ಅಲ್ಲಿ ಸೋತವರು ಹಡಗಿನ ಆಸೆಯನ್ನು ಪೂರ್ತಿ ಬಿಡಬೇಕಾದುದಿಲ್ಲ. ಗೋಕರ್ಣದ ಯಾತ್ರೆಯನ್ನು ಮುಗಿಸಿ ಹಿಂದಿರುಗುವಾಗ ಒಂದು ದಿನ ಮುರ್ಡೇಶ್ವರದಲ್ಲಿ ಉಳಿದರೆ, ಜೊತೆಗಿರುವ ಅತ್ತೆ ಮಾವಂದಿರು ತೀರದಲ್ಲಿ ದೇವರ ದರ್ಶನ ಮಾಡಿ ಬರುವಷ್ಟರಲ್ಲಿ ಇವರ ಪರೀಕ್ಷೆಯೂ ಮುಗಿದಿರುತ್ತದೆ.