ಗ್ಯಾಸ್ ಪೈಪಿಗೆ ಅರ್ತ್ ಕಟ್ಟಬೇಡಿ, ಅರ್ತಿಗೆ ಗ್ಯಾಸ್ ಪೈಪ್ ಕಟ್ಟಿ

ವೀಕ್ಷಕರೇ, ಇವತ್ತು ರಾಜಕೀಯ ಬೇಡ. ಇವತ್ತು ನಿಮ್ಮ ಅಡುಗೆಮನೆಗೆ ಬರ್ತಾ ಇದ್ದೀನಿ. ಒಲೆಯ ಪಕ್ಕ ಗೋಡೆ ಮೇಲೆ ಒಂದು ಪೈಪ್ ಇದೆಯಲ್ಲ, ಸಿಲಿಂಡರ್ ಬುಕ್ ಮಾಡೋ ತಲೆನೋವೇ ಬೇಡ ಅಂತ ಹಾಕಿಸಿಕೊಂಡಿರೋ ಗ್ಯಾಸ್ ಪೈಪ್, ಅದರ ಬಗ್ಗೆ ಮಾತಾಡೋಣ. ಆ ಪೈಪಿನ ಒಳಗೆ ಗ್ಯಾಸ್ ಹರಿಯುತ್ತೆ ಅನ್ನೋದು ಮನೆಯ ಮಗುವಿಗೂ ಗೊತ್ತು. ಅದೇ ಪೈಪಿನ ಮೈಗೆ ಕರೆಂಟೂ ಬರಬಹುದು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಈ ಪ್ರಶ್ನೆ ಹತ್ತು ಹದಿನೈದು ವರ್ಷದ ಹಿಂದೆ ನಮ್ಮಲ್ಲಿ ಯಾರಿಗೂ ಬೇಕಿರಲಿಲ್ಲ. ಸಿಲಿಂಡರ್, ರೆಗ್ಯುಲೇಟರ್, ಒಂದೂವರೆ ಮೀಟರ್ ರಬ್ಬರ್ ಪೈಪ್, ಒಲೆ. ಅಷ್ಟೇ ಸಂಸಾರ. 2013ರಲ್ಲಿ ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಗ್ಯಾಸ್ ಪೈಪ್‌ಲೈನ್ ಬಂತು. 2021ರ ಜನವರಿಯಲ್ಲಿ ಕೊಚ್ಚಿ–ಮಂಗಳೂರು ಪೈಪ್‌ಲೈನ್ ಲೋಕಾರ್ಪಣೆ ಆಯ್ತು. ಈಗ ಅಪಾರ್ಟ್‌ಮೆಂಟುಗಳ ಹೊರಗೋಡೆ ಮೇಲೆ ನೆಲದಿಂದ ತುದಿ ಮಹಡಿವರೆಗೆ ಗ್ಯಾಸ್ ಪೈಪ್ ಏರಿ ಹೋಗಿರೋದು ಮಾಮೂಲು ನೋಟ. ಒಳ್ಳೆಯ ಸೌಕರ್ಯ, ಬೇಡ ಅನ್ನೋರು ಯಾರು? ಆದರೆ ಸೌಕರ್ಯದ ಜೊತೆಗೆ ಕಟ್ಟಡದ ತುಂಬಾ ಒಂದು ಉದ್ದನೆಯ ಲೋಹದ ಹಂದರವೂ ಬಂದಿದೆ. ಆ ಲೋಹವನ್ನ ಏನು ಮಾಡಬೇಕು, ಏನು ಮಾಡಬಾರದು ಅನ್ನೋದೇ ಇವತ್ತಿನ ವಿಷಯ.

ಮೊದಲು ಮಾಡಬಾರದ್ದು.

ನಮ್ಮ ಊರುಗಳಲ್ಲಿ ಒಂದು ಹಳೇ ಪದ್ಧತಿ ಇದೆ. ಗೀಸರ್ ತಂದ್ರು, ವಾಷಿಂಗ್ ಮೆಷಿನ್ ತಂದ್ರು, ಶಾಕ್ ಹೊಡೀತಾ ಇದೆ. ಮನೆಯಲ್ಲಿ ಅರ್ತಿಂಗ್ ಸರಿ ಇಲ್ಲ. ಬಂದ ಹುಡುಗ ಏನು ಮಾಡ್ತಾನೆ? "ಅಣ್ಣಾ, ನಲ್ಲಿ ಪೈಪಿಗೆ ಒಂದು ವೈರ್ ಸುತ್ತಿಬಿಡ್ತೀನಿ" ಅಂತಾನೆ. ಒಂದು ಕಾಲದಲ್ಲಿ ಅದು ಹೇಗೋ ನಡೀತು. ಆಗ ನೀರಿನ ಪೈಪ್ ಕಬ್ಬಿಣದ್ದು, ಮಣ್ಣಿನಲ್ಲಿ ಹೂತಿರ್ತಿತ್ತು. ಈಗ ನೀರಿನ ಪೈಪ್ ಪ್ಲಾಸ್ಟಿಕ್. ಹುಡುಗ ಸುತ್ತ ಕಣ್ಣಾಡಿಸ್ತಾನೆ. ಲೋಹದ್ದು ಅಂತ ಕಾಣೋದು ಒಂದೇ, ಗ್ಯಾಸ್ ಪೈಪ್. ಅದಕ್ಕೇ ಸುತ್ತಿಬಿಟ್ಟರೆ?

ಇಲ್ಲೇ ಅನಾಹುತಕ್ಕೆ ಬೀಜ ಬೀಳೋದು. ಯಾಕೆ ಅಂತ ಬಿಡಿಸಿ ಹೇಳ್ತೀನಿ.

ರಸ್ತೆಯಿಂದ ನಿಮ್ಮ ಕಟ್ಟಡದವರೆಗೆ ನೆಲದೊಳಗೆ ಬರೋ ಗ್ಯಾಸ್ ಪೈಪ್ ಕಬ್ಬಿಣದ್ದಲ್ಲ. ಅದು ಪಾಲಿಥಿಲೀನ್, ಅಂದ್ರೆ ಪ್ಲಾಸ್ಟಿಕ್. ತುಕ್ಕು ಹಿಡಿಯಬಾರದು ಅಂತ ಬೇಕಂತಲೇ ಹಾಗೆ ಮಾಡಿದ್ದಾರೆ. ಕಟ್ಟಡದ ಹತ್ತಿರ ನೆಲದಿಂದ ಮೇಲೆ ಬಂದ ಮೇಲೆ ಅದಕ್ಕೆ ಜಿಐ ಪೈಪ್ ಜೋಡಿಸ್ತಾರೆ. ಅಲ್ಲಿಂದ ಗೋಡೆ ಹತ್ತಿ, ಮಹಡಿ ಮಹಡಿಗೂ ಕವಲೊಡೆದು, ಮೀಟರ್ ದಾಟಿ, ನಿಮ್ಮ ಒಲೆ ಹತ್ತಿರ ಬರುತ್ತೆ. ಅಂದ್ರೆ ಏನಾಯ್ತು? ಮೇಲೆಲ್ಲ ಲೋಹ, ಕೆಳಗೆ ಪ್ಲಾಸ್ಟಿಕ್. ಆ ಪೈಪ್ ಭೂಮಿಯನ್ನ ಮುಟ್ಟೋದೇ ಇಲ್ಲ. ತ್ರಿಶಂಕುವಿನ ಹಾಗೆ ಮಧ್ಯದಲ್ಲಿ ನೇತಾಡ್ತಾ ಇದೆ. ಅದಕ್ಕೆ ಅರ್ತ್ ವೈರ್ ಕಟ್ಟಿದರೆ ಕರೆಂಟ್ ಭೂಮಿಗೆ ಹೋಗಲ್ಲ. ಪೈಪಿನ ಮೈತುಂಬ ನಿಂತುಕೊಳ್ಳುತ್ತೆ.

ಈಗ ಯೋಚಿಸಿ. ಮೂರನೇ ಮಹಡಿಯಲ್ಲಿ ಒಬ್ಬರು ಕೆಟ್ಟ ಗೀಸರಿನ ಅರ್ತ್ ವೈರನ್ನ ಗ್ಯಾಸ್ ಪೈಪಿಗೆ ಸುತ್ತಿದ್ದಾರೆ. ಗೀಸರಿನ ಒಳಗೆ ಫೇಸ್ ವೈರ್ ಹೊರಕವಚಕ್ಕೆ ತಗುಲಿತು. 230 ವೋಲ್ಟ್ ಪೈಪಿಗೆ ಬಂತು. ಏಳನೇ ಮಹಡಿಯಲ್ಲಿ ಒಬ್ಬ ಅಜ್ಜಿ ಒದ್ದೆ ಕೈಯಲ್ಲಿ ಗ್ಯಾಸ್ ವಾಲ್ವ್ ತಿರುಗಿಸ್ತಾರೆ, ಇನ್ನೊಂದು ಕೈ ಸ್ಟೀಲ್ ಸಿಂಕ್ ಮೇಲೆ. ಆಕೆಯ ಮನೆಯಲ್ಲಿ ಯಾವ ಉಪಕರಣವೂ ಕೆಟ್ಟಿಲ್ಲ. ಆಕೆ ಯಾವ ತಪ್ಪೂ ಮಾಡಿಲ್ಲ. ಮನುಷ್ಯನ ದೇಹದ ಪ್ರತಿರೋಧ ಸುಮಾರು 1500 ಓಮ್ ಅಂತ ಇಟ್ಟುಕೊಂಡರೆ 150 ಮಿಲಿ ಆಂಪಿಯರ್ ದೇಹದ ಮೂಲಕ ಹಾಯುತ್ತೆ. ಜೀವ ಉಳಿಸೋಕೆ ಅಂತ ಮನೆಗಳಲ್ಲಿ ಹಾಕೋ ಆರ್‌ಸಿಸಿಬಿ 30 ಮಿಲಿ ಆಂಪಿಯರ್‌ಗೇ ಕರೆಂಟ್ ಕಡಿಯಬೇಕು ಅಂತ ಇದೆ. ಇದು ಅದರ ಐದು ಪಟ್ಟು. ಇನ್ನೊಂದು ಮಾತು. ಏಳನೇ ಮಹಡಿಯಲ್ಲಿ ಆರ್‌ಸಿಸಿಬಿ ಇದ್ದರೂ ಅದು ಬೀಳಲ್ಲ. ಯಾಕಂದ್ರೆ ಕರೆಂಟ್ ಬಂದಿದ್ದು ಆ ಮನೆಯ ಲೈನಿನಿಂದ ಅಲ್ಲ!

ಇದು ಶಾಕ್ ಮಾತು. ಬೆಂಕಿ ಮಾತು ಬೇರೆ ಇದೆ. ಪೈಪಿನ ಉದ್ದಕ್ಕೂ ತಿರುಪಿನ ಜೋಡಣೆಗಳು, ಸೀಲ್ ಮಾಡಿದ ಸಂದುಗಳು ಇರುತ್ತವೆ. ಸಡಿಲ ಜೋಡಣೆ ಮೂಲಕ ಕರೆಂಟ್ ಹಾದರೆ ಬಿಸಿ, ಕಿಡಿ. ನೈಸರ್ಗಿಕ ಅನಿಲದಲ್ಲಿ ಬಹುಪಾಲು ಇರೋದು ಮೀಥೇನ್. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 5ರಿಂದ 15ರ ನಡುವೆ ಇದ್ದರೆ ಹೊತ್ತಿಕೊಳ್ಳುತ್ತೆ. ಹೊತ್ತಿಸೋಕೆ ಬೇಕಾದ ಕಿಡಿಯ ಶಕ್ತಿ ಒಂದು ಮಿಲಿ ಜೌಲ್‌ಗಿಂತಲೂ ಕಡಿಮೆ. ಚಳಿಗಾಲದಲ್ಲಿ ಸ್ವೆಟರ್ ಬಿಚ್ಚುವಾಗ ಚಟಪಟ ಅನ್ನುತ್ತಲ್ಲ, ಅಷ್ಟು ಸಾಕು.

ಅದಕ್ಕೇ ಅಂತಾರಾಷ್ಟ್ರೀಯ ವಿದ್ಯುತ್ ಮಾನದಂಡ ಖಡಾಖಂಡಿತವಾಗಿ ಹೇಳುತ್ತೆ: ಉರಿಯುವ ಅನಿಲದ ಲೋಹದ ಪೈಪನ್ನು ಅರ್ತ್ ಆಗಿ ಬಳಸಕೂಡದು. ನೆಲದೊಳಗಿನ ಲೋಹದ ಗ್ಯಾಸ್ ಪೈಪಿನ ಬಗ್ಗೆ ಅಮೆರಿಕದ ವಿದ್ಯುತ್ ಸಂಹಿತೆಯೂ ಅದನ್ನೇ ಹೇಳುತ್ತೆ.

ಸರಿ, ಹಾಗಾದ್ರೆ ಗ್ಯಾಸ್ ಪೈಪಿಗೆ ಯಾವ ವೈರೂ ಬೇಡ, ಅದರ ಪಾಡಿಗೆ ಅದನ್ನ ಬಿಟ್ಟುಬಿಡೋಣ ಅಂತೀರಾ? ಅಲ್ಲೇ ಎಡವೋದು. ಬಿಟ್ಟರೂ ಅಪಾಯವೇ.

ಹೇಗೆ? ಯಾರೂ ವೈರ್ ಸುತ್ತದೇ ಇದ್ದರೂ ಕರೆಂಟ್ ತಾನಾಗೇ ಪೈಪಿಗೆ ಬರಬಹುದು. ಒಲೆ ಮೇಲಿನ ಎಲೆಕ್ಟ್ರಿಕ್ ಚಿಮಣಿ ಪೈಪಿಗೆ ಒರಗಿರುತ್ತೆ. ಗೋಡೆ ಕೊರೆಯುವಾಗ ವೈರಿನ ಸಿಪ್ಪೆ ಕಿತ್ತು ಪೈಪ್ ಕ್ಲಾಂಪಿಗೆ ತಗುಲಿರುತ್ತೆ. ಕೇಬಲ್ ಟಿವಿಯವನು ಪೈಪಿಗೇ ವೈರ್ ಕಟ್ಟಿ ಹೋಗಿರ್ತಾನೆ. ಪೈಪ್ ತ್ರಿಶಂಕು ಆಗಿದ್ದರೆ ಕರೆಂಟ್ ಬಂದದ್ದೂ ಗೊತ್ತಾಗಲ್ಲ. ಎಂಸಿಬಿ ಬೀಳಲ್ಲ. ಯಾರಾದ್ರೂ ಮುಟ್ಟೋ ತನಕ ಅದು ಕಾಯ್ತಾ ಕೂತಿರುತ್ತೆ.

ಇದಕ್ಕೆ ಮದ್ದು ಬಾಂಡಿಂಗ್. ಅರ್ತಿಂಗ್ ಬೇರೆ, ಬಾಂಡಿಂಗ್ ಬೇರೆ. ಅರ್ತಿಂಗ್ ಅಂದ್ರೆ ಭೂಮಿಗೆ ದಾರಿ ಮಾಡೋದು. ಬಾಂಡಿಂಗ್ ಅಂದ್ರೆ ಕಟ್ಟಡದೊಳಗಿನ ಲೋಹಗಳನ್ನೆಲ್ಲ ತಾಮ್ರದ ವೈರಿನಿಂದ ಒಂದಕ್ಕೊಂದು ಬೆಸೆದು ಒಂದೇ ಮಟ್ಟಕ್ಕೆ ತರೋದು. ಪಕ್ಕಪಕ್ಕದಲ್ಲಿ ಎರಡು ನೀರಿನ ಟ್ಯಾಂಕ್ ಇವೆ ಅನ್ನಿ. ಎರಡರಲ್ಲೂ ನೀರು ಒಂದೇ ಮಟ್ಟದಲ್ಲಿದ್ದರೆ ಮಧ್ಯೆ ಪೈಪ್ ಹಾಕಿದರೂ ನೀರು ಹರಿಯಲ್ಲ. ಮಟ್ಟದಲ್ಲಿ ವ್ಯತ್ಯಾಸ ಇದ್ದರೆ ಮಾತ್ರ ಹರಿಯುತ್ತೆ. ಕರೆಂಟೂ ಹಾಗೇ. ಹೈಟೆನ್ಷನ್ ತಂತಿ ಮೇಲೆ ಕಾಗೆ ಆರಾಮಾಗಿ ಕೂತಿರೋದಕ್ಕೆ ಕಾರಣ ಅದರ ಎರಡೂ ಕಾಲು ಒಂದೇ ಮಟ್ಟದಲ್ಲಿರೋದು. ಅಜ್ಜಿಯ ಒಂದು ಕೈ ಇರೋ ಗ್ಯಾಸ್ ಪೈಪ್, ಇನ್ನೊಂದು ಕೈ ಇರೋ ಸಿಂಕ್, ಎರಡೂ ಒಂದೇ ಮಟ್ಟದಲ್ಲಿದ್ದರೆ ಆಕೆಯ ಎದೆಯ ಮೂಲಕ ಕರೆಂಟ್ ಹಾಯೋಕೆ ಕಾರಣವೇ ಇರಲ್ಲ.

ನಮ್ಮ ದೇಶದ ಅರ್ತಿಂಗ್ ಮಾನದಂಡ ಐಎಸ್ 3043. ಕಟ್ಟಡದೊಳಗೆ ಬರೋ ನೀರಿನ ಪೈಪ್, ಗ್ಯಾಸ್ ಪೈಪ್, ಕಟ್ಟಡದ ಲೋಹದ ಭಾಗಗಳು, ಎಲ್ಲವನ್ನೂ ಮುಖ್ಯ ಅರ್ತ್ ಟರ್ಮಿನಲ್‌ಗೆ ಬಾಂಡ್ ಮಾಡಬೇಕು ಅಂತ ಅದರಲ್ಲೇ ಇದೆ. ಅಂದ್ರೆ ಗ್ಯಾಸ್ ಪೈಪನ್ನ ಅರ್ತ್ ಆಗಿ ಬಳಸಬೇಡಿ, ಆದರೆ ಅದನ್ನ ಅರ್ತಿನ ಕುಟುಂಬಕ್ಕೆ ಸೇರಿಸಿ. ಕೆಲಸ ಕೊಡಬೇಡಿ, ಆಸರೆ ಕೊಡಿ. ಇಷ್ಟೇ ವ್ಯತ್ಯಾಸ. ಈ ಜೋಡಣೆ ಆಗಬೇಕಾದ್ದು ಕಟ್ಟಡದ ಮುಖ್ಯ ಅರ್ತ್ ಬಾರ್‌ಗೆ. ಮೂರನೇ ಮಹಡಿಯವರು ತಮ್ಮ ಗೀಸರ್ ಸಾಕೆಟ್ಟಿನಿಂದ ಎಳೆದ ವೈರ್ ಬಾಂಡಿಂಗ್ ಅಲ್ಲ, ಅದು ಅಧಿಕಪ್ರಸಂಗ.

ಇಂಗ್ಲೆಂಡಿನಲ್ಲಿ ಮನೆಮನೆಗೆ ಪೈಪ್ ಗ್ಯಾಸ್ ಬಂದು ತಲೆಮಾರುಗಳೇ ಕಳೆದಿವೆ. ಅಲ್ಲಿ ಏನು ಮಾಡ್ತಾರೆ ಗೊತ್ತಾ? ಮೀಟರ್ ದಾಟಿದ ಕೂಡಲೇ, ಸಾಧ್ಯವಾದರೆ 600 ಮಿಲಿ ಮೀಟರ್ ಒಳಗೆ, ಪೈಪಿಗೆ ಒಂದು ಕ್ಲಾಂಪ್. ಅದರಿಂದ ಮುಖ್ಯ ಅರ್ತ್ ಟರ್ಮಿನಲ್‌ಗೆ ಹಸಿರು–ಹಳದಿ ತಾಮ್ರದ ವೈರ್, ಸಾಮಾನ್ಯ ಮನೆಗೆ 10 ಚದರ ಮಿಲಿ ಮೀಟರ್ ದಪ್ಪ. ಕ್ಲಾಂಪಿನ ಮೇಲೆ ಒಂದು ಪಟ್ಟಿ: ಇದು ಸುರಕ್ಷತೆಯ ಜೋಡಣೆ, ತೆಗೆಯಬೇಡಿ. ಗ್ಯಾಸ್ ಕೆಲಸಗಾರ ಪೈಪ್ ಕತ್ತರಿಸೋ ಮುಂಚೆ ಕತ್ತರಿಸೋ ಜಾಗದ ಆಚೆಗೂ ಈಚೆಗೂ ತಾತ್ಕಾಲಿಕ ವೈರ್ ಸೇತುವೆ ಹಾಕ್ತಾನೆ. ಪೈಪಿನಲ್ಲಿ ಗೊತ್ತಿಲ್ಲದೆ ಕರೆಂಟ್ ಹರೀತಾ ಇದ್ದರೆ ಕತ್ತರಿಸಿದ ಕ್ಷಣ ಕಿಡಿ ಹಾರಬಾರದು ಅಂತ.

ಇಲ್ಲಿ ಒಂದು ಎಚ್ಚರಿಕೆ. ಬಾಂಡಿಂಗ್ ಆಯ್ತು, ಇನ್ನು ಎಂಸಿಬಿ ನೋಡಿಕೊಳ್ಳುತ್ತೆ ಅಂತ ನಿದ್ದೆ ಮಾಡಬೇಡಿ. ನಮ್ಮ ಎಷ್ಟೋ ಮನೆಗಳಲ್ಲಿ ಅರ್ತ್ ಅಂದ್ರೆ ಕಾಂಪೌಂಡಿನ ಮೂಲೆಯಲ್ಲಿರೋ ಒಂದು ಗುಂಡಿ. ಲೈನ್ ಅರ್ತ್ ಆದಾಗ ಕರೆಂಟ್ ಮಣ್ಣಿನ ಮೂಲಕವೇ ಟ್ರಾನ್ಸ್‌ಫಾರ್ಮರಿಗೆ ವಾಪಸ್ ಹೋಗಬೇಕು. ಆ ದಾರಿಯ ಒಟ್ಟು ಪ್ರತಿರೋಧ 5 ಓಮ್ ಅಂದುಕೊಳ್ಳಿ. 230 ಭಾಗಿಸು 5, 46 ಆಂಪಿಯರ್. ಮೇನ್ ಬೋರ್ಡಿನಲ್ಲಿ 32 ಆಂಪಿಯರ್ ಎಂಸಿಬಿ ಇದ್ದರೆ 46 ಆಂಪಿಯರ್‌ಗೆ ಅದು ತಕ್ಷಣ ಬೀಳಲ್ಲ, ಒಂದು ಗಂಟೆ ಬೇಕಾದ್ರೂ ಹಿಡೀಬಹುದು. ಆರ್‌ಸಿಸಿಬಿ ಆದರೆ ಸೆಕೆಂಡಿನ ಸಣ್ಣ ಭಾಗದಲ್ಲಿ ಬೀಳುತ್ತೆ. ಅದಕ್ಕೇ ಬಾಂಡಿಂಗ್ ಒಂದು ಕೈ, ಆರ್‌ಸಿಸಿಬಿ ಇನ್ನೊಂದು ಕೈ. ಒಂದೇ ಕೈಯಲ್ಲಿ ಚಪ್ಪಾಳೆ ಆಗಲ್ಲ.

ಇನ್ನು ಸಿಡಿಲು. ಏಪ್ರಿಲ್–ಮೇ ಬಂತು ಅಂದ್ರೆ ನಮ್ಮಲ್ಲಿ ಗುಡುಗು ಮಳೆ. ಕಟ್ಟಡಕ್ಕೋ ಪಕ್ಕದ ಮರಕ್ಕೋ ಸಿಡಿಲು ಬಡಿದಾಗ ಒಂದು ಲೋಹಕ್ಕೆ ಲಕ್ಷಗಟ್ಟಲೆ ವೋಲ್ಟ್ ಬಂದು, ಪಕ್ಕದ ಲೋಹಕ್ಕೆ ಬಾರದೇ ಇದ್ದರೆ, ಎರಡರ ಮಧ್ಯೆ ಕಿಡಿ ಹಾರುತ್ತೆ. ಅಮೆರಿಕ ಈ ಪಾಠವನ್ನ ಬೆಲೆ ತೆತ್ತು ಕಲಿತಿದೆ. ಅಲ್ಲಿ ದಪ್ಪ ಕಬ್ಬಿಣದ ಪೈಪಿನ ಬದಲು ಬಳುಕುವ, ಹಳದಿ ಹೊದಿಕೆಯ, ಸುಕ್ಕುಸುಕ್ಕಾದ ಸ್ಟೇನ್‌ಲೆಸ್ ಸ್ಟೀಲ್ ಗ್ಯಾಸ್ ಪೈಪ್ ಬಂತು. ಹಾಕೋದು ಸುಲಭ, ಕೂಲಿ ಉಳಿತಾಯ, ಲಕ್ಷಾಂತರ ಮನೆಗಳಿಗೆ ಹಾಕಿದರು. ಆದರೆ ಅದರ ಗೋಡೆ ಸುಮಾರು ಕಾಲು ಮಿಲಿ ಮೀಟರ್ ದಪ್ಪ. ಹಳೇ ಕಬ್ಬಿಣದ ಪೈಪಿನ ಹತ್ತನೇ ಒಂದು ಭಾಗ. ಹತ್ತಿರದಲ್ಲಿ ಸಿಡಿಲು ಬಡಿದಾಗ ಪೈಪಿನಿಂದ ಪಕ್ಕದ ಲೋಹಕ್ಕೆ ಕಿಡಿ ಹಾರಿ ಆ ತೆಳು ಗೋಡೆಯಲ್ಲಿ ಸೂಜಿತೂತು. ಆ ತೂತಿನಿಂದ ಗ್ಯಾಸ್, ಅದೇ ಕಿಡಿಯಿಂದ ಬೆಂಕಿ. ಮನೆಗಳು ಸುಟ್ಟವು, ಜೀವ ಹೋದವು, ಕೇಸು ನಡೆದವು. ಕೊನೆಗೆ ಅವರ ಗ್ಯಾಸ್ ಸಂಹಿತೆಯ 2009ರ ಆವೃತ್ತಿಯಲ್ಲಿ ಆ ಪೈಪನ್ನ ಮನೆಯ ಅರ್ತ್ ವ್ಯವಸ್ಥೆಗೆ ದಪ್ಪ ತಾಮ್ರದ ವೈರಿನಿಂದ ಬಾಂಡ್ ಮಾಡಲೇಬೇಕು ಅಂತ ನಿಯಮ ಬಂತು. ಆ ವೈರ್ 75 ಅಡಿ ಮೀರಬಾರದು ಅನ್ನೋ ಮಿತಿ 2015ರ ಆವೃತ್ತಿಯಲ್ಲಿ ಸೇರಿತು. ನಮ್ಮ ಜಿಐ ಪೈಪ್ ಅಷ್ಟು ತೆಳುವಲ್ಲ, ಹೆದರಬೇಡಿ. ಆದರೆ ಕಿಡಿ ಹಾರೋ ನಿಯಮ ದೇಶ ನೋಡಿ ಬದಲಾಗಲ್ಲ. ಸಿಡಿಲು ಇಳಿಯೋ ಪಟ್ಟಿ, ಗ್ಯಾಸ್ ಪೈಪ್ ಎರಡೂ ಒಂದೇ ಹೊರಗೋಡೆಯಲ್ಲಿ ಅಕ್ಕಪಕ್ಕ ಹತ್ತಿದ್ದರೆ ಅದನ್ನ ತಜ್ಞರು ನೋಡಲೇಬೇಕು.

ಹಾಗಾದ್ರೆ ಇದೆಲ್ಲ ಯಾರ ಕೆಲಸ? ಇಲ್ಲೇ ನನ್ನ ಆತಂಕ ಇರೋದು. ಗ್ಯಾಸಿನವರ ಕಣ್ಣು ಲೀಕ್ ಆಗುತ್ತಾ ಅನ್ನೋದರ ಮೇಲೆ. ಎಲೆಕ್ಟ್ರಿಷಿಯನ್ ಕಣ್ಣು ವೈರಿನ ಮೇಲೆ. ಬಿಲ್ಡರ್ ಫ್ಲಾಟ್ ಮಾರಿ ಹೋಗಿ ಎಷ್ಟೋ ವರ್ಷದ ಮೇಲೆ ಗ್ಯಾಸ್ ಲೈನ್ ಬಂದಿರುತ್ತೆ. ಗ್ಯಾಸಿಗೂ ಕರೆಂಟಿಗೂ ಮಧ್ಯೆ ಇರೋ ಆ ಒಂದು ಹಸಿರು ವೈರ್ ಯಾರ ಲೆಕ್ಕದಲ್ಲೂ ಬರದೇ ಹೋಗೋದು ಸುಲಭ. ಸಾವಿರಾರು ರೂಪಾಯಿ ಮೇಂಟೆನೆನ್ಸ್ ಕಟ್ಟೋ ನಾವು ಇದನ್ನ ಕೇಳದೇ ಇದ್ದರೆ ಇನ್ಯಾರು ಕೇಳ್ತಾರೆ?

ನೀವೇ ಕೈ ಹಾಕೋಕೆ ಹೋಗಬೇಡಿ. ಮನೆಯ ಗ್ಯಾಸ್ ಪೈಪಿಗೆ ಯಾವುದಾದ್ರೂ ವೈರ್ ಸುತ್ತಿದೆಯಾ ಅಂತ ಕಣ್ಣಲ್ಲಿ ನೋಡಿ. ಇದ್ದರೆ ಕೀಳಬೇಡಿ. ಅದು ಸರಿಯಾದ ಬಾಂಡಿಂಗೂ ಇರಬಹುದು, ಯಾರೋ ಮಾಡಿದ ಅಡ್ಡಕಸುಬೂ ಇರಬಹುದು. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನರಿಗೆ ತೋರಿಸಿ, ಗ್ಯಾಸ್ ಕಂಪನಿಗೂ ತಿಳಿಸಿ. ಪೈಪ್ ಮುಟ್ಟಿದಾಗ ಜುಮ್ ಅಂತ ಅನ್ನಿಸಿದರೆ "ಸ್ವಲ್ಪ ಶಾಕ್ ಅಷ್ಟೇ" ಅಂತ ಬಿಡಬೇಡಿ. ಮೇನ್ ಆಫ್ ಮಾಡಿ, ಅಕ್ಕಪಕ್ಕದವರಿಗೆ ಹೇಳಿ, ಆಮೇಲೆ ಕರೆಸಿ. ಆದರೆ ಗ್ಯಾಸ್ ವಾಸನೆ ಬರ್ತಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಮೇನ್ ಕೂಡ. ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು ಫೋನ್ ಮಾಡಿ. ಮನೆಯಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇದೆಯಾ ನೋಡಿ, ಅದರ ಟೆಸ್ಟ್ ಬಟನ್ ಆಗಾಗ ಒತ್ತಿ. ಒತ್ತಿದಾಗ ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಪಾರ್ಕಿಂಗ್ ಜಗಳ, ನಾಯಿ ಜಗಳ ಎಲ್ಲ ಮುಗಿದ ಮೇಲೆ ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ನಮ್ಮ ಗ್ಯಾಸ್ ಪೈಪ್ ಕಟ್ಟಡದ ಮುಖ್ಯ ಅರ್ತ್ ಬಾರ್‌ಗೆ ಬಾಂಡ್ ಆಗಿದೆಯಾ? ಆ ಕ್ಲಾಂಪ್ ಎಲ್ಲಿದೆ, ತೋರಿಸಿ? ಅದನ್ನ ಕೊನೆಯ ಸಲ ಟೆಸ್ಟ್ ಮಾಡಿದ್ದು ಯಾವಾಗ? ಉತ್ತರ ಸಿಗದಿದ್ದರೆ ಎಲೆಕ್ಟ್ರಿಕಲ್ ಕಂಟ್ರಾಕ್ಟರ್‌ಗೆ, ಗ್ಯಾಸ್ ಕಂಪನಿಗೆ, ಅಗತ್ಯ ಬಿದ್ದರೆ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಒಂದು ಪತ್ರ ಬರೀರಿ. ಏಳನೇ ಮಹಡಿಯ ಅಜ್ಜಿ ಯಾರ ಮನೆಯಲ್ಲಾದರೂ ಇರಬಹುದು.